ಕೆಂಪು ಮಣ್ಣಿನಲ್ಲಿ ಇಷ್ಟು ಕಬ್ಬಿಣ ಇದ್ದರೂ ನಮ್ಮ ತೋಟದವರಿಗೆ ರಕ್ತ ಯಾಕೆ ಕಡಿಮೆ?

ಸಿದ್ದಾಪುರ_ತೋಟ:

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ. ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಕೆಳಗಡೆ ಒಂದಿಷ್ಟು ಗದ್ದೆ. ಯಜಮಾನರು ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ.

ಈ ವರ್ಷ ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ 5.1 ಬಂದಿದೆ, ಅಂದರೆ ಹುಳಿ ಮಣ್ಣು. ಸತು ಕಡಿಮೆ, ಬೋರಾನ್ ಕಡಿಮೆ. ಕಬ್ಬಿಣ ಮಾತ್ರ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ. ಅದೇ ಸಮಯಕ್ಕೆ ಊರಿನಲ್ಲಿ ರಕ್ತ ಪರೀಕ್ಷೆಯ ಶಿಬಿರ ಇತ್ತು. ಲೈನ್ ಮನೆಯ (ತೋಟದ ಕೆಲಸದವರ ಸಾಲುಮನೆ) ಹೆಂಗಸರನ್ನೆಲ್ಲ ಕರೆದುಕೊಂಡು ಹೋದೆ. ಹೆಚ್ಚಿನವರಿಗೆ ಹಿಮೋಗ್ಲೋಬಿನ್ ಬರೀ 8, 9. ನನಗೆ 10.4.

ಎರಡು ಚೀಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಲೆ ಕೆಡುತ್ತದೆ. ನಾವು ತಿನ್ನುವ ಅಕ್ಕಿ ನಮ್ಮ ಗದ್ದೆಯದೇ. ಸೊಪ್ಪು, ಕೆಸ ಎಲ್ಲ ಹಿತ್ತಲಿನದೇ. ಮಣ್ಣಿನಲ್ಲಿ ಅಷ್ಟೊಂದು ಇರುವ ಕಬ್ಬಿಣ ನಮ್ಮ ಮೈಗೆ ಯಾಕೆ ಬರುತ್ತಿಲ್ಲ?

ಇನ್ನೊಂದು ವಿಷಯ. ಲೈನಿನಲ್ಲಿ ಒಂದು ಹೆಣ್ಣು ಮಗು ಗೋಡೆಯ ಮಣ್ಣು ಕೆರೆದು ತಿನ್ನುತ್ತದೆ. "ಮೈಗೆ ಬೇಕಾಗಿದೆ, ಅದಕ್ಕೇ ತಿನ್ನುತ್ತಾಳೆ, ಬಿಡಿ" ಅಂತ ಅವಳ ಅಜ್ಜಿ ಹೇಳುತ್ತಾರೆ. ಇದು ಸರಿಯಾ? ತಿಳಿದವರು ಹೇಳಿ.

ಮಣ್ಣಿನ_ಮೇಷ್ಟ್ರು:

ಮೇಡಂ, ನಾನು ಮಣ್ಣಿನ ಪಾಠ ಮಾಡಿ ನಿವೃತ್ತನಾದವನು. ಈಗ ಗೋಣಿಕೊಪ್ಪದ ಹತ್ತಿರ ಇದ್ದೇನೆ. ನಿಮ್ಮ ಮಣ್ಣು ಪರೀಕ್ಷೆಯ ಕಾರ್ಡು ನಮ್ಮ ಜಿಲ್ಲೆಯ ಮಟ್ಟಿಗೆ ಹೊಸದೇನಲ್ಲ. ಇಲ್ಲಿಯ ಮಳೆ ಸಾವಿರಾರು ವರ್ಷಗಳಿಂದ ಮಣ್ಣಿನ ಸುಣ್ಣದಂಶ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲವನ್ನೂ ತೊಳೆದು ಹೊಳೆಗೆ ಕಳಿಸಿದೆ. ತೊಳೆದು ಹೋಗದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಮಣ್ಣು ಕೆಂಪಾಗಿರುವುದು ಆ ಕಬ್ಬಿಣದ ಆಕ್ಸೈಡಿನಿಂದ. ಅಂದರೆ ಅದು ತುಕ್ಕು. ನೀರಿನಲ್ಲಿ ಬಹಳ ಕಮ್ಮಿ ಕರಗುತ್ತದೆ.

ಆದರೂ ಗಿಡಕ್ಕೆ ಕೊರತೆ ಇಲ್ಲ. ಕಾರ್ಡಿನಲ್ಲಿ ಬರುವುದು ಗಿಡಕ್ಕೆ ಸಿಗುವಂಥ ಕಬ್ಬಿಣದ ಲೆಕ್ಕ. ಕೆಜಿ ಮಣ್ಣಿಗೆ 4.5 ಮಿಲಿಗ್ರಾಂ ಇದ್ದರೆ ಸಾಕು. ಹುಳಿ ಮಣ್ಣಿನಲ್ಲಿ ಅದರ ಹತ್ತು ಪಟ್ಟು ಬಂದರೂ ಆಶ್ಚರ್ಯ ಇಲ್ಲ. ಆದರೆ ಗಿಡ ಎಷ್ಟೇ ತೆಗೆದುಕೊಂಡರೂ ಕಾಳಿಗೆ ಸೇರುವುದು ಸ್ವಲ್ಪವೇ. ಭತ್ತಕ್ಕೆ ಬಂದ ಕಬ್ಬಿಣದಲ್ಲಿ ಹೆಚ್ಚಿನ ಪಾಲು ತೌಡಿನಲ್ಲಿ ಕೂತಿರುತ್ತದೆ. ಮಿಲ್ಲಿನಲ್ಲಿ ಬೆಳ್ಳಗೆ ಮಾಡಿಸಿದರೆ ಅದು ದನದ ಪಾಲು. ಉಳಿದ ಸ್ವಲ್ಪದಲ್ಲೂ ನಮ್ಮ ಕರುಳು ಹೀರಿಕೊಳ್ಳುವುದು ಸಣ್ಣ ಭಾಗ. ಊಟದ ಜೊತೆಗೇ ಕಾಫಿ ಕುಡಿದರೆ ಅದೂ ಇಳಿಯುತ್ತದೆ. ಊಟಕ್ಕೆ ನಿಂಬೆಹಣ್ಣು ಹಿಂಡಿದರೆ, ಒಂದು ಕಿತ್ತಳೆ ತಿಂದರೆ ಏರುತ್ತದೆ.

ಹಾಗಂತ ಮಣ್ಣಿಗೂ ಮೈಗೂ ಸಂಬಂಧ ಇಲ್ಲ ಅಂತ ತಿಳಿಯಬೇಡಿ. ಕೆಲವು ಅಂಶಗಳಲ್ಲಿ ನೇರ ಸಂಬಂಧ ಇದೆ. ಅಯೋಡಿನ್ ನೋಡಿ. ಹಿಮಾಲಯದ ತಪ್ಪಲಿನ ಮಣ್ಣಿನಲ್ಲಿ ಅದು ಬಹಳ ಕಡಿಮೆ, ಅದಕ್ಕೇ ಆಗ ಅಲ್ಲಿ ಊರಿಗೆ ಊರೇ ಗಳಗಂಡ ಇತ್ತು. ಉಪ್ಪಿಗೆ ಅಯೋಡಿನ್ ಸೇರಿಸಿದರೆ ಅದು ಇಳಿಯುತ್ತದೆ ಅಂತ ಡಾ. ವಿ. ರಾಮಲಿಂಗಸ್ವಾಮಿಯವರ ತಂಡ 1956ರಿಂದ ಕಾಂಗ್ರಾ ಕಣಿವೆಯಲ್ಲಿ ತೋರಿಸಿಕೊಟ್ಟಿತು. ಇವತ್ತು ನಮ್ಮ ಅಡುಗೆಮನೆಯ ಉಪ್ಪಿನ ಹಿಂದೆ ಇರುವುದು ಆ ಕೆಲಸ. ಫಿನ್ಲೆಂಡಿನ ಮಣ್ಣಿನಲ್ಲಿ ಸೆಲೆನಿಯಂ ಕಡಿಮೆ. ಅವರು 1984ರಿಂದ ಗೊಬ್ಬರಕ್ಕೇ ಅದನ್ನು ಬೆರೆಸುತ್ತಾರೆ.

ಇನ್ನು ಮಣ್ಣು ತಿನ್ನುವ ಮಗು. ದಯವಿಟ್ಟು ಬಿಡಬೇಡಿ. 1958ರಲ್ಲಿ ಇರಾನಿನ ಶಿರಾಜ್‌ನಲ್ಲಿ ಡಾ. ಆನಂದ ಪ್ರಸಾದ್ ಅವರ ಮುಂದೆ ಒಬ್ಬ ರೋಗಿ ಬಂದ. ಪ್ರಸಾದ್ ನಮ್ಮ ಬಿಹಾರದ ಬಕ್ಸರ್‌ನವರು. ಹುಡುಗನಿಗೆ 21 ವರ್ಷ, ನೋಡಲು ಹತ್ತು ವರ್ಷದವನ ಹಾಗೆ. ಬರೀ ರೊಟ್ಟಿ ತಿನ್ನುತ್ತಿದ್ದ, ಜೊತೆಗೆ ಜೇಡಿಮಣ್ಣು. ಮೈಯಲ್ಲಿ ರಕ್ತ ಇರಲಿಲ್ಲ. ಕಬ್ಬಿಣದ ಕೊರತೆಯೊಂದರಿಂದಲೇ ಬೆಳವಣಿಗೆ ಹೀಗೆ ನಿಲ್ಲುವುದಿಲ್ಲ ಅಂತ ಅವರು ಬೆನ್ನು ಹತ್ತಿದರು. ಮನುಷ್ಯರಿಗೆ ಸತು ಬೇಕೇ ಬೇಕು ಅಂತ ಜಗತ್ತಿಗೆ ಗೊತ್ತಾದದ್ದು ಹೀಗೆ. ಆ ಜೇಡಿಮಣ್ಣು ಸತುವನ್ನು ಕೊಡುವ ಬದಲು ಹೊಟ್ಟೆಯಲ್ಲಿ ಇದ್ದದ್ದನ್ನೂ ಹಿಡಿದಿಟ್ಟುಕೊಂಡು ಹೊರಗೆ ಹೋಗುತ್ತದೆ. ಅಜ್ಜಿಗೆ ಹೀಗೆ ಬಿಡಿಸಿ ಹೇಳಿ.

ಲೈನ್_ಸಿಸ್ಟರ್:

ಅಕ್ಕಾ, ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಒಂದೇ ಲೈನಿನಲ್ಲಿ ಇಷ್ಟು ಹೆಂಗಸರಿಗೆ 8, 9 ಬಂದಿದೆ ಅಂದರೆ ನಾನು ಮೊದಲು ಕೇಳುವುದು ಅವರ ಕಾಲಿನ ವಿಷಯ. ಚಪ್ಪಲಿ ಹಾಕಿ ಕೆಲಸ ಮಾಡುತ್ತಾರಾ? ಲೈನಿಗೆ ಎಷ್ಟು ಕಕ್ಕಸು ಇದೆ? ಬೇಸಿಗೆಯಲ್ಲೂ ಅದಕ್ಕೆ ನೀರು ಬರುತ್ತದಾ?

ನಾನು ವಿರಾಜಪೇಟೆ ತಾಲ್ಲೂಕಿನ ತೋಟಗಳಲ್ಲಿ ಸಿಸ್ಟರ್ ಆಗಿ ಕೆಲಸ ಮಾಡಿದವಳು. ಎರವರು, ಜೇನು ಕುರುಬರು, ಈಗೀಗ ಅಸ್ಸಾಂ ಕಡೆಯಿಂದ ಬಂದವರು, ಎಲ್ಲರ ಲೈನಿಗೂ ಹೋಗಿದ್ದೇನೆ. ಯಾರನ್ನು ನೋಡಿದರೂ ಮೊದಲು ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತೇನೆ, ಆಮೇಲೆ ಪಾದ. ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಕೆಂಪಗೆ ತುರಿಕೆ ಬಂದರೆ ಕೆಸರಿನ ಹುಣ್ಣು ಅಂತ ಅರಿಶಿನ ಹಚ್ಚಿ ಸುಮ್ಮನಾಗುತ್ತಾರೆ. ಎಷ್ಟೋ ಸಲ ಅದು ಬರೀ ಕೆಸರಿನ ಹುಣ್ಣೇ. ಕೆಲವು ಸಲ ಅದು ಕೊಕ್ಕೆಹುಳು ಒಳಗೆ ಹೋದ ಜಾಗ.

ಬಯಲಿಗೆ ಹೋದವರ ಮಲದ ಜೊತೆ ಈ ಹುಳುವಿನ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಒಂದೆರಡು ದಿನದಲ್ಲಿ ಒಡೆಯುತ್ತದೆ. 5ರಿಂದ 10 ದಿನದಲ್ಲಿ ಮರಿಹುಳು ನಮ್ಮ ಚರ್ಮ ತೂರುವಷ್ಟು ಬಲಿಯುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ. ಅದಕ್ಕೆ ತೇವ ಬೇಕು, ಬೆಚ್ಚಗಿನ ಮಣ್ಣು ಬೇಕು, ನೆರಳು ಬೇಕು. ಕಾಫಿ ತೋಟದಲ್ಲಿ ಇವೆಲ್ಲ ಇವೆ. ತರಗೆಲೆ ಮುಚ್ಚಿದ ಮಣ್ಣು ಗಿಡಕ್ಕೆ ಎಷ್ಟು ಒಳ್ಳೆಯದೋ ಈ ಹುಳುವಿಗೂ ಅಷ್ಟೇ ಒಳ್ಳೆಯದು. ಬಿಸಿಲಿಗೆ ಒಣಗಿದ ಅಂಗಳದಲ್ಲಿ ಅದು ಬಾಳುವುದಿಲ್ಲ.

ಬರಿಗಾಲು ಸಿಕ್ಕಿದರೆ ಚರ್ಮದಿಂದ ರಕ್ತಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ, ಗಂಟಲಿಗೆ ಹತ್ತಿ, ಉಗುಳಿನ ಜೊತೆ ನುಂಗಿದಾಗ ಕರುಳಿಗೆ. ಸಣ್ಣ ಕರುಳಿಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ಇದರಲ್ಲಿ ಎರಡು ಜಾತಿ ಇದೆ. ಒಂದು ಜಾತಿಯ ಒಂದು ಹುಳು ದಿನಕ್ಕೆ ಸುಮಾರು 0.03 ಮಿಲಿ ರಕ್ತ ಕಳೆಯುತ್ತದೆ, ಇನ್ನೊಂದು ಜಾತಿಯದು 0.2 ಮಿಲಿಯವರೆಗೆ. ಹೊಟ್ಟೆಯಲ್ಲಿ ಇಂಥ ನೂರು ಹುಳು ಇದ್ದರೆ? ಅದರ ಮೇಲೆ ತಿಂಗಳ ಮುಟ್ಟು, ಹೆರಿಗೆ, ಸಾಲದ ಊಟ. ನೀವು ಕಬ್ಬಿಣ ಎಲ್ಲಿ ಹೋಗುತ್ತಿದೆ ಅಂತ ಕೇಳಿದಿರಲ್ಲ ಅಕ್ಕಾ, ನನ್ನ ಪ್ರಕಾರ ಅದರ ದೊಡ್ಡ ದಾರಿ ಇದು.

ಹುಳು ಚರ್ಮದಿಂದ ಹೋಗುತ್ತದೆ ಅಂತ ಮೊದಲು ಯಾರೂ ನಂಬಿರಲಿಲ್ಲ. 1890ರ ದಶಕದಲ್ಲಿ ಈಜಿಪ್ಟಿನಲ್ಲಿ ಆರ್ಥರ್ ಲೂಸ್ ಅನ್ನುವ ಜರ್ಮನ್ ವಿಜ್ಞಾನಿಯ ಕೈಮೇಲೆ ಮರಿಹುಳು ಇದ್ದ ನೀರು ಚೆಲ್ಲಿತು. ತುರಿಕೆ ಬಂತು. ಕೆಲವು ವಾರ ಬಿಟ್ಟು ನೋಡಿದರೆ ಅವರ ಮಲದಲ್ಲೇ ಮೊಟ್ಟೆ. ನಾನು ಇದನ್ನು ಲೈನಿನಲ್ಲಿ ಕಥೆ ಮಾಡಿ ಹೇಳುತ್ತೇನೆ. ಮಕ್ಕಳು ಕೂಡಲೇ ತಮ್ಮ ಪಾದ ತಿರುಗಿಸಿ ನೋಡಿಕೊಳ್ಳುತ್ತವೆ.

ಈಗ ಮಾಡಬೇಕಾದ್ದು. ಎಲ್ಲರನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಮಲ ಪರೀಕ್ಷೆ ಮಾಡಿಸಿ. ಹುಳು ಇದ್ದರೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಕೊಡುತ್ತಾರೆ. ಬಸುರಿಯರಿದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು, ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ. ಫೆಬ್ರವರಿ 10ರ ಜಂತುಹುಳು ದಿನಕ್ಕೆ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಈ ಮಾತ್ರೆ ಸಿಗುತ್ತದೆ. ಆದರೆ ಕಳೆ ಕೀಳುವ ಅಮ್ಮಂದಿರು ಆ ಲೆಕ್ಕದಲ್ಲಿ ಇಲ್ಲ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು. ಮಗುವಿಗೆ ಮಾತ್ರೆ, ಅದೇ ಮಣ್ಣಿನಲ್ಲಿ ದಿನವಿಡೀ ನಿಂತ ತಾಯಿಗೆ ಇಲ್ಲ.

ಮಾತ್ರೆ ನುಂಗಿ ಮತ್ತೆ ಬರಿಗಾಲಲ್ಲಿ ಅದೇ ಜಾಗಕ್ಕೆ ಹೋದರೆ ಕೆಲವು ತಿಂಗಳಲ್ಲಿ ಹುಳು ವಾಪಸ್. ಒಂದು ತೋಟದಲ್ಲಿ ವರ್ಷ ವರ್ಷ ಮಾತ್ರೆ ಕೊಟ್ಟೆವು, ಮಾಲೀಕರು ಕಕ್ಕಸು ಮಾತ್ರ ಕಟ್ಟಿಸಲಿಲ್ಲ. ಹಳದಿ ಮುಖಗಳು ಹಾಗೇ ಉಳಿದವು.

ಮಣ್ಣು ತಿನ್ನುವ ಮಗುವಿಗೂ ರಕ್ತ ಮತ್ತು ಮಲ, ಎರಡೂ ಪರೀಕ್ಷೆ ಮಾಡಿಸಿ. ಮಣ್ಣಿನ ಜೊತೆ ದುಂಡುಹುಳುವಿನ ಮೊಟ್ಟೆಯೂ ಹೊಟ್ಟೆಗೆ ಹೋಗುತ್ತದೆ. ರಕ್ತ ಕಡಿಮೆ ಇದ್ದು ಕಬ್ಬಿಣದ ಔಷಧಿ ಶುರು ಮಾಡಿದರೆ ಆ ಆಸೆ ಎಷ್ಟೋ ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಹೊಡೆಯುವುದು, ಬೈಯುವುದು ಬೇಡ.

ಕುಟ್ಟ_ಬೆಳೆಗಾರ:

ಸಿಸ್ಟರ್, ನಿಮ್ಮ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನಮ್ಮ ಅಜ್ಜ ಜೀವಮಾನ ಪೂರ್ತಿ ಬರಿಗಾಲಲ್ಲಿ ಗದ್ದೆ, ಬಾಣೆ (ಗದ್ದೆಗೆ ಸೇರಿದ ಕಾಡುಜಾಗ) ಸುತ್ತಿದವರು. 88 ವರ್ಷ ಗಟ್ಟಿಯಾಗಿದ್ದರು. ಆಗಿನ ಮಣ್ಣು ಬೇರೆ. ಈಗ ಕಳೆನಾಶಕ, ಮೈಲುತುತ್ತು (ತಾಮ್ರದ ಸಲ್ಫೇಟ್), ಕಾಂಡಕೊರಕಕ್ಕೆ ಅಂತ ಹೊಡೆದ ಕೀಟನಾಶಕ ಬಿಎಚ್‌ಸಿ ಎಲ್ಲ ಸೇರಿದೆ. ನಮ್ಮ ತೋಟದ ಮೇಲ್ಭಾಗದಲ್ಲಿ ಎರೆಹುಳು ಹುಡುಕಿದರೂ ಕಷ್ಟ. ರೋಗಕ್ಕೆ ಅದೇ ಕಾರಣ ಅಂತ ನನಗೆ ಅನಿಸುತ್ತದೆ. ಬರಿಗಾಲಲ್ಲಿ ನಡೆಯುವುದನ್ನೇ ಬೈದರೆ ಮಕ್ಕಳು ಮಣ್ಣಿನಿಂದ ಇನ್ನೂ ದೂರ ಹೋಗುತ್ತಾರೆ.

ಮಣ್ಣಿನ_ಮೇಷ್ಟ್ರು:

ನಿಮ್ಮ ಕಾಳಜಿ ನ್ಯಾಯವಾದದ್ದು. ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೆಣಸಿನ ಬಳ್ಳಿಗೆ ವರ್ಷವೂ ಹೊಡೆಯುತ್ತೇವೆ. ಅದರ ತಾಮ್ರ ಮಳೆಗೆ ಸುಲಭವಾಗಿ ತೊಳೆದು ಹೋಗುವುದಿಲ್ಲ. ಮೇಲಿನ ಮಣ್ಣಿನ ಕಪ್ಪು ಅಂಶಕ್ಕೆ ಅಂಟಿಕೊಂಡು ದಶಕಗಟ್ಟಲೆ ಇರುತ್ತದೆ. ಎರೆಹುಳುವಿಗೆ ತಾಮ್ರ ಆಗುವುದಿಲ್ಲ. ಪಿಎಚ್ ಇಳಿದಷ್ಟೂ ತೊಂದರೆ ಜಾಸ್ತಿ. ಕಾಫಿಗೂ 6ರ ಮೇಲಿದ್ದರೆ ಒಳ್ಳೆಯದು, ಹಾಗಾಗಿ ಸುಣ್ಣ ಹಾಕಿ ಮೇಲೆ ತನ್ನಿ. ಮುಂದಿನ ಕಾರ್ಡಿನಲ್ಲಿ ತಾಮ್ರದ ಸಾಲನ್ನೂ ಓದಿ. ಬಿಎಚ್‌ಸಿ ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧ ಆಯಿತು, ಆದರೆ ಅದರ ಶೇಷ ಮಣ್ಣಿನಲ್ಲಿ ಬಹಳ ಕಾಲ ಉಳಿಯುತ್ತದೆ.

ಮಣ್ಣು ಮಕ್ಕಳಿಂದ ದೂರ ಆಗಬಾರದು ಅನ್ನುವುದಕ್ಕೆ ನನ್ನದೂ ಒಪ್ಪಿಗೆ. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯಿಂದಲೇ. ಆದರೆ ಲೈನಿನ ಹೆಂಗಸರ ರಕ್ತಹೀನತೆಗೆ ತಾಮ್ರವನ್ನು ಹಿಡಿಯಲು ನನಗೆ ಕಾರಣ ಕಾಣುತ್ತಿಲ್ಲ.

ಲೈನ್_ಸಿಸ್ಟರ್:

ಮಾವ, ನಿಮ್ಮ ಅಜ್ಜ ಗಟ್ಟಿಯಾಗಿದ್ದದ್ದು ನಿಜವೇ ಇರಬೇಕು. ಹೊಟ್ಟೆ ತುಂಬ ಊಟ, ಮಾಂಸ ಇದ್ದ ಮನೆಯಲ್ಲಿ ಸ್ವಲ್ಪ ಹುಳು ಇದ್ದರೂ ಮೈ ತಡೆದುಕೊಳ್ಳುತ್ತದೆ. ಅದೇ ತೋಟದ ಲೈನಿನಲ್ಲಿ ಆಗ ಎಷ್ಟು ಬಾಣಂತಿಯರು ಸತ್ತರು ಅಂತ ಯಾರೂ ಬರೆದಿಟ್ಟಿಲ್ಲ. ಮಕ್ಕಳು ಮಣ್ಣಿನಲ್ಲಿ ಆಡಲಿ, ನಾನೂ ಬೇಡ ಅನ್ನುವುದಿಲ್ಲ. ಮಲ ಬೀಳದ ಮಣ್ಣಿನಲ್ಲಿ ಆಡಲಿ, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಲಿ.

ಮಕ್ಕಂದೂರು_ಹುಡುಗ:

ಇಲಿಜ್ವರದ ಬಗ್ಗೆ ಯಾರೂ ಹೇಳಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾವು ಮನೆಯೊಳಗಿನ ಕೆಸರನ್ನು ಕೈಯಲ್ಲೇ ಬಾಚಿದೆವು. ಇಲಿಯ ಮೂತ್ರ ಸೇರಿದ ಕೆಸರು ಗಾಯಕ್ಕೆ ತಾಗಿದರೆ ಸಾಕು ಅಂತ ಡಾಕ್ಟರು ಹೇಳಿದ್ದು ಆಮೇಲೆ. ಗದ್ದೆಗೆ ಇಳಿಯುವವರು ಕಾಲಿನ ಗಾಯ, ಜಿಗಣೆ ಕಚ್ಚಿದ ಜಾಗ ಮುಚ್ಚಿಕೊಳ್ಳಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಕಾಯಬೇಡಿ. ಡಾಕ್ಟರಿಗೆ "ಕೆಸರಿನಲ್ಲಿ ಕೆಲಸ ಮಾಡಿದ್ದೆ" ಅಂತ ಹೇಳಲೇಬೇಕು.

ಸಿದ್ದಾಪುರ_ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ನಮ್ಮ ಲೈನಿಗೆ ಇರುವುದು ಎರಡೇ ಕಕ್ಕಸು, ಬೇಸಿಗೆಯಲ್ಲಿ ನೀರು ಸಾಲದು. ಮೆಣಸು ಮಾರಿದ ಹಣದಲ್ಲಿ ಮೊದಲು ಅದನ್ನೇ ಸರಿ ಮಾಡಿಸುತ್ತೇನೆ. ಸೋಮವಾರ ಎಲ್ಲರನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸುತ್ತೇನೆ, ಆ ದಿನದ ಕೂಲಿ ಕೊಟ್ಟೇ. ಒಂದು ಕೇಳಬೇಕಿತ್ತು. ಹೇಗೂ ತೋಟಕ್ಕೆ ಸುಣ್ಣ ಹಾಕುತ್ತೇನಲ್ಲ, ಅದಕ್ಕೆ ಹುಳು ಸಾಯುತ್ತದಾ? ಗಮ್‌ಬೂಟು ಕೊಡಿಸಿದರೆ ಸಾಕಾ?

ಲೈನ್_ಸಿಸ್ಟರ್:

ಪಿಎಚ್‌ಗೆ ಹಾಕುವ ಸುಣ್ಣವನ್ನು ಹುಳುವಿನ ಮದ್ದು ಅಂತ ನಂಬಬೇಡಿ ಅಕ್ಕಾ. ಕಕ್ಕಸು, ನೀರು, ಕಾಲಿಗೆ ಬೂಟು, ಇವೇ ಮದ್ದು. ಕೂಲಿ ಕೊಟ್ಟು ಕಳಿಸುತ್ತೀರಿ ಅಂದಿರಲ್ಲ, ಅದು ದೊಡ್ಡ ವಿಷಯ. ಎಷ್ಟೋ ಕಡೆ ಕೂಲಿ ಹೋಗುತ್ತದೆ ಅಂತಲೇ ಅವರು ಬರುವುದಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಜೊತೆ ಬೇಡ, ಒಂದೆರಡು ಗಂಟೆ ಅಂತರ ಇರಲಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳಿಬಿಡಿ. ಅದನ್ನು ನೋಡಿ ಮಾತ್ರೆ ಬಿಟ್ಟವರು ತುಂಬಾ ಜನ.

ಗಮ್‌ಬೂಟು ತರುವಾಗ ಹೆಂಗಸರ ಕಾಲಿನ ಅಳತೆ ತೆಗೆದುಕೊಂಡು ಹೋಗಿ. ಅಂಗಡಿಯಲ್ಲಿ ಹೆಚ್ಚಾಗಿ ಗಂಡಸರ ಸೈಜೇ ಇರುತ್ತದೆ. ದೊಡ್ಡದಾದರೆ ಇಳಿಜಾರಿನಲ್ಲಿ ಕಾಲು ಜಾರುತ್ತದೆ, ಎರಡೇ ದಿನಕ್ಕೆ ಬಿಚ್ಚಿಟ್ಟು ಬರಿಗಾಲಲ್ಲಿ ಹೋಗುತ್ತಾರೆ.