ಇಂಜಿನ್ ‘ಕೂಡಿಸು’ ಅಂದರೆ ನಿಮಗೆ ಏನು ಅರ್ಥವಾಗುತ್ತೆ? ಸೂಪರ್‌ಚಾರ್ಜರ್‌ಗೆ ‘ತಿದಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಅಂಬಾಸಿಡರ್, ಪದ್ಮಿನಿ, ಜಿಪ್ಸಿ ಥರದ ಹಳೇ ಗಾಡಿ ಇಟ್ಟುಕೊಂಡವರಿಗೆ ಅಂತ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹಳೇ ಇಂಜಿನ್ ತೆಗೆದು ಬೇರೆಯದು ಹಾಕೋದು, ಇಲ್ಲಾ ಇರೋದಕ್ಕೇ ಸೂಪರ್‌ಚಾರ್ಜರ್ (ಇಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಯಂತ್ರ) ಹಾಕಿಸಿ ತಾಕತ್ತು ಹೆಚ್ಚಿಸೋದು, ಇಷ್ಟೇ ವಿಷಯ. ಬರೆಯೋದು ಕಷ್ಟವಾಗುತ್ತಿಲ್ಲ, ಪದಗಳು ಮಾತ್ರ ಕಾಡುತ್ತಿವೆ.

ಮೊದಲು ‘ಕೂಡಿಸು’. ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಕಡೆ ಗ್ಯಾರೇಜುಗಳಲ್ಲಿ ಇಂಜಿನ್ ಹೊರಗೆ ತೆಗೆಯೋದಕ್ಕೆ ‘ಇಳಿಸು’ ಅಂತಾರೆ, ಒಳಗೆ ಹಾಕೋದಕ್ಕೆ ‘ಕೂಡಿಸು’. ಬಾನೆಟ್ ಬಿಚ್ಚಿ, ಇಂಜಿನ್ನಿಗೆ ಸರಪಳಿ ಸುತ್ತಿ, ಚೈನ್ ಪುಲ್ಲಿಯಿಂದ ಮೇಲಕ್ಕೆ ಎಳೆದೇ ತೆಗೆಯೋದು, ಆದರೂ ಅದು ಇಳಿಸಿದ ಹಾಗೆ! “ಹಳೀದು ಇಳಿಸಿ ಇಸುಜು ಇಂಜಿನ್ ಕೂಡ್ಸೀವ್ರಿ” ಅಂದರೆ ಇಲ್ಲಿ ಯಾರಿಗೂ ಗೊಂದಲವಿಲ್ಲ. ಮೈಸೂರಿನ ಗೆಳೆಯನಿಗೆ ಕರಡು ತೋರಿಸಿದೆ. “ಒಂದು ಕಾರಿಗೆ ಎರಡು ಇಂಜಿನ್ ಯಾಕಪ್ಪಾ?” ಅಂತ ಕೇಳಿದ. ಅವನಿಗೆ ಕೂಡಿಸು ಅಂದರೆ ಲೆಕ್ಕದ ಕೂಡಿಸು ಮಾತ್ರ. ‘ಕೂರಿಸು’ ಅಂತ ತಿದ್ದು ಅಂದ. ನಾವು ಗಣಪತಿಯನ್ನೂ ಕೂಡಿಸುವವರು, ಇಂಜಿನ್ನಿಗೆ ಮಾತ್ರ ಯಾಕೆ ತಿದ್ದಬೇಕು?

ಇಲ್ಲಿಯ ಗ್ಯಾರೇಜುಗಳಲ್ಲಿ ಅರ್ಧ ಮಾತು ದಖನಿ ಉರ್ದು. ಅದರಲ್ಲೂ ‘ಉತಾರ್ನಾ’, ‘ಬಿಠಾನಾ’ ಅಂತಲೇ ಇದೆ. ನಮ್ಮ ಇಳಿಸು, ಕೂಡಿಸು ಅದರ ಪಡಿಯಚ್ಚಾ? ಅಥವಾ ಹೊಲದ ಬಾವಿಗೆ ‘ಮೋಟಾರ್ ಕೂಡಿಸು’ ಅನ್ನೋ ನಮ್ಮದೇ ಮಾತು ಗ್ಯಾರೇಜಿಗೂ ಬಂತಾ? ಧಾರವಾಡ, ಬಳ್ಳಾರಿ ಕಡೆಯವರು ನಿಮ್ಮಲ್ಲಿ ಏನಂತಾರೆ ಅಂತ ಹೇಳಿ.

ಇನ್ನು ಪತ್ರಿಕೆಯವರ ‘ಮೇಲ್ದರ್ಜೆಗೇರಿಸು’. ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ ಸರಿ. “ಪದ್ಮಿನಿಯ ಇಂಜಿನ್ ಮೇಲ್ದರ್ಜೆಗೇರಿಸಲಾಗಿದೆ” ಅಂದರೆ ರಿಬ್ಬನ್ ಕತ್ತರಿಸೋಕೆ ಮಂತ್ರಿಗಳು ಬರಬೇಕಾಗುತ್ತೆ. ಇದನ್ನು ಬಿಟ್ಟಿದ್ದೇನೆ.

ಆದರೆ ‘ಬದಲಿ’ ಮತ್ತು ‘ಮಾರ್ಪಾಡು’ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದೇನೆ. ಅದೇ ಮಾದರಿಯ ಇನ್ನೊಂದು ಇಂಜಿನ್ ಹಾಕಿದರೆ ಬದಲಿ. ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಥರದ್ದು ಹಾಕಿದರೆ, ಸೂಪರ್‌ಚಾರ್ಜರ್ ಸೇರಿಸಿದರೆ, ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದೇ ಮಾರ್ಪಾಡಿನ ಬಗ್ಗೆ. ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತಲ್ವಾ, ಹಾಗಾಗಿ ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಬೇಕು. ಎರಡಕ್ಕೂ ಒಂದೇ ಪದ ಬಳಸಿದರೆ ಓದಿದವನು ಸುಮ್ನೆ ತೊಂದರೆಗೆ ಬೀಳುತ್ತಾನೆ.

ಈಗ ದೊಡ್ಡ ತಲೆನೋವು, ಸೂಪರ್‌ಚಾರ್ಜರ್. ‘ಚಾರ್ಜ್’ ಅಂದ ಕೂಡಲೇ ಜನಕ್ಕೆ ಬ್ಯಾಟರಿ ನೆನಪಾಗುತ್ತೆ. “ಕರೆಂಟ್ ಗಾಡಿ ಏನ್ರಿ?” ಅಂತ ಕೇಳಿದವರಿದ್ದಾರೆ. ಗೊತ್ತಿದ್ದವರು ಎಲ್ಲವನ್ನೂ ‘ಟರ್ಬೊ’ ಅಂತಾರೆ, ಅದು ಇನ್ನೂ ತಪ್ಪು. ಎರಡೂ ಇಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತವೆ, ಅದು ನಿಜ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯೋಕೆ ಹೆಚ್ಚುಕಮ್ಮಿ 14.7 ಕೆಜಿ ಗಾಳಿ ಬೇಕು, ಹಾಗಾಗಿ ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಕೊಡಬಹುದು, ತಾಕತ್ತೂ ಬರುತ್ತೆ. ಆದರೆ ಸೂಪರ್‌ಚಾರ್ಜರ್ ತಿರುಗೋದು ಸಾಮಾನ್ಯವಾಗಿ ಕ್ರ್ಯಾಂಕಿನಿಂದ (ಇಂಜಿನ್ನಿನ ತಿರುಗುವ ದಂಡ) ಬರುವ ಬೆಲ್ಟಿನಿಂದ. ಟರ್ಬೊ ತಿರುಗೋದು ಸೈಲೆನ್ಸರ್ ಕಡೆ ಹೋಗುವ ಹೊಗೆಯಿಂದ. ಮೊದಲನೆಯದು ಇಂಜಿನ್ನಿನ ಶಕ್ತಿಯನ್ನೇ ಸ್ವಲ್ಪ ತಿನ್ನುತ್ತೆ, ಆದರೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ತಕ್ಷಣ ಎಳೆಯುತ್ತೆ. ಎರಡನೆಯದು ವೇಸ್ಟಾಗಿ ಹೋಗೋ ಹೊಗೆಯಿಂದಲೇ ಕೆಲಸ ಮಾಡುತ್ತೆ, ಆದರೆ ಪಿಕಪ್ ಬರೋಕೆ ಒಂದು ಕ್ಷಣ ತಡ. ದುಡ್ಡು ಹಾಕುವವನಿಗೆ ಈ ವ್ಯತ್ಯಾಸ ಹೆಸರಲ್ಲೇ ಗೊತ್ತಾಗಬೇಕು ಅನ್ನೋದು ನನ್ನ ಹಟ.

ಜರ್ಮನಿಯವರು ಸೂಪರ್‌ಚಾರ್ಜರನ್ನು ಕಾಂಪ್ರೆಸರ್ ಅಂತಲೇ ಕರೆದು ಮರ್ಸಿಡಿಸ್ ಕಾರಿನ ಹಿಂದೆ ಬರೆಸಿದ್ದರು. ನಮ್ಮಲ್ಲಿ ಕಾಂಪ್ರೆಸರ್ ಪಂಕ್ಚರ್ ಅಂಗಡಿಯಲ್ಲಿದೆ, ಫ್ರಿಜ್ಜಿನಲ್ಲಿದೆ. ಬ್ಲೋವರ್ ಅಂದರೆ ಎಸಿಯ ಫ್ಯಾನು. ಬೂಸ್ಟ್ ಅಂದರೆ ಹಾಲಿಗೆ ಹಾಕೋದು.

ನನಗೆ ಹೊಳೆದದ್ದು ‘ತಿದಿ’. ಕಮ್ಮಾರರ ಕುಲುಮೆಯ ತಿದಿ. ಬೆಂಕಿಗೆ ಗಾಳಿ ಒತ್ತಿ ಉರಿ ಹೆಚ್ಚಿಸೋದೇ ಅದರ ಕೆಲಸ. ಇದು ಸುಮ್ನೆ ಕವಿತೆಯಲ್ಲ. ಅಮೆರಿಕದ ರೂಟ್ಸ್ ಸೋದರರು 1860ರಲ್ಲಿ ಪೇಟೆಂಟ್ ಮಾಡಿಸಿದ ಗಾಳಿಯಂತ್ರ ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳಿಗೆ ಗಾಳಿ ಊದುತ್ತಿತ್ತು, ಅದೇ ಯಂತ್ರ ಆಮೇಲೆ ಕಾರಿನ ಸೂಪರ್‌ಚಾರ್ಜರ್ ಆಯ್ತು. ಹಾಗಾಗಿ ಸೂಪರ್‌ಚಾರ್ಜರ್‌ಗೆ ‘ಪಟ್ಟಾ ತಿದಿ’, ಟರ್ಬೊಗೆ ‘ಹೊಗೆ ತಿದಿ’. ನಮ್ಮ ಗಿರಣಿಗಳಲ್ಲಿ ಬೆಲ್ಟಿಗೆ ಪಟ್ಟಾ ಅಂತಲೇ ಹೇಳೋದು. ಮೊದಲ ಸಲ ಬಂದಾಗ ಸೂಪರ್‌ಚಾರ್ಜರ್, ಟರ್ಬೊ ಅಂತ ಜೊತೆಗೇ ಬರೆಯುತ್ತೇನೆ. ಅಂಗಡಿಗೆ ಹೋಗಿ ಪಟ್ಟಾ ತಿದಿ ಕೊಡಿ ಅಂದರೆ ಯಾರೂ ಕೊಡಲ್ಲ, ಅದು ಗೊತ್ತು.

ಇನ್ನೊಂದು ಸಣ್ಣದು. ಗಾಳಿ ಒತ್ತಿದಾಗ ಕಾಯುತ್ತೆ, ಕಾದ ಗಾಳಿಗೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹತ್ತಿಕೊಂಡು ಇಂಜಿನ್ ಬಡಿಯುತ್ತೆ. 42 ಡಿಗ್ರಿಯ ನಮ್ಮ ಬೇಸಿಗೆಯಲ್ಲಿ ಕೇಳೋದೇ ಬೇಡ. ಅದಕ್ಕೇ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಹಾಕೋದು, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲ್ ಒತ್ತುವ ಪ್ರಮಾಣ) ಇಳಿಸೋದು. ಈ ಸದ್ದಿಗೆ ಇಲ್ಲಿ “ಇಂಜಿನ್ ಟಕಟಕ ಹೊಡೀತದ” ಅಂತಾರೆ. ‘ಟಕಟಕ’ ಅಂತಲೇ ಬರೆಯಲಾ, ‘ಬಡಿತ’ ಅನ್ನಲಾ? ಬಡಿತ ಅಂದರೆ ಎದೆಬಡಿತದ ಥರ ಒಳ್ಳೇದು ಅನ್ನಿಸಿಬಿಡುತ್ತೆ, ನನಗೆ ಟಕಟಕವೇ ಇಷ್ಟ.

ತಿದಿಯ ಬಗ್ಗೆ ಮಾತ್ರ ಖಂಡಿತ ಬರೆಯಿರಿ. ನಿಮ್ಮೂರಲ್ಲಿ ಇದು ಇನ್ನೂ ಬಾಯಲ್ಲಿ ಇದೆಯಾ, ಇದ್ದರೆ ತಿದಿ ‘ಒತ್ತು’ ಅಂತಾರಾ, ‘ಊದು’ ಅಂತಾರಾ?