ಅಪ್‌ಡೇಟ್: ತಮ್ಮನ ಮಂಡಿ ಯಾಕೆ ಕುಸಿಯುತ್ತಿತ್ತು ಅಂತ ಗೊತ್ತಾಯಿತು

ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವ ನನ್ನ ತಮ್ಮನಿಗೆ ತೊಡೆಸಂದಿನಲ್ಲಿ ವಿಪರೀತ ನೋವು, ತೊಡೆಯ ಮುಂಭಾಗ ಜೋಮು, ಮೆಟ್ಟಿಲು ಇಳಿಯುವಾಗ ಮಂಡಿ ಕುಸಿಯುತ್ತದೆ, ಯಾಕಿರಬಹುದು ಅಂತ ಹಿಂದೆ ಇಲ್ಲಿ ಕೇಳಿದ್ದೆ. ಬೆನ್ನುಮೂಳೆಯ ಡಿಸ್ಕ್ ಸಮಸ್ಯೆ ಇರಬಹುದು ಅಂತ ಕೆಲವರು ಹೇಳಿದ್ದಿರಿ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಡಿಸ್ಕ್ ಅಲ್ಲ. ಜಗಳೂರಿನಿಂದ ದಾವಣಗೆರೆಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಸೊಂಟದ ಒಳಗಿನ ಇಲಿಯಾಕಸ್ ಸ್ನಾಯುವಿನಲ್ಲಿ ರಕ್ತ ಕಟ್ಟಿಕೊಂಡಿತ್ತು. ಫೆಮೊರಲ್ ನರ ಆ ಸ್ನಾಯುವಿನ ಪಕ್ಕದಲ್ಲೇ, ಒಂದು ಗಟ್ಟಿ ಪೊರೆಯ ಕೆಳಗೆ ಹಾದು ತೊಡೆಗೆ ಬರುತ್ತದೆ. ಆ ಪೊರೆ ಜಾಸ್ತಿ ಹಿಗ್ಗುವುದಿಲ್ಲ. ಒಳಗೆ ರಕ್ತ ತುಂಬಿದರೆ ನರ ಅದುಮಿಹೋಗುತ್ತದೆ. ಮಂಡಿಯನ್ನು ನೇರ ಮಾಡುವ ಸ್ನಾಯುವಿಗೆ ಶಕ್ತಿ ಇದೇ ನರದಿಂದ. ಡಾಕ್ಟರ್ ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದಾಗ ಕಾಲು ಅಲುಗಲೇ ಇಲ್ಲ. ಅದನ್ನು ನೋಡಿ ಅಮ್ಮನಿಗೆ ತುಂಬಾ ಭಯವಾಯಿತು.

ಆಪರೇಷನ್ ಬೇಕಾಗಲಿಲ್ಲ. ಫ್ಯಾಕ್ಟರ್ 8 (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್) ಕೊಟ್ಟು, ಪೂರ್ತಿ ವಿಶ್ರಾಂತಿ ಹೇಳಿದರು. ರಕ್ತ ಕರಗುತ್ತಾ ಬಂದ ಮೇಲೆ ನಿಧಾನವಾಗಿ ಫಿಸಿಯೋಥೆರಪಿ. ಈಗ ಕೋಲು ಹಿಡಿದು ನಡೆಯುತ್ತಾನೆ. ಜೋಮು ಇನ್ನೂ ಸ್ವಲ್ಪ ಇದೆ. ಹಾನಿಯಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ, ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಹಿಮೋಫಿಲಿಯಾ ಇರುವ ಮನೆಯವರು ದಯವಿಟ್ಟು ಕೇಳಿ. ಇಂಥ ನೋವಿಗೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಸುಮ್ನೆ ನುಂಗಿಸಬೇಡಿ, ರಕ್ತಸ್ರಾವ ಜಾಸ್ತಿ ಆಗಬಹುದು. ಬಲಗಡೆ ಆದರೆ ಅಪೆಂಡಿಕ್ಸ್ ನೋವಿನ ಹಾಗೇ ಇರಬಹುದು, ಹಾಗಾಗಿ ಡಾಕ್ಟರಿಗೆ ಮೊದಲು ಹಿಮೋಫಿಲಿಯಾ ವಿಷಯ ಹೇಳಿ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಿಗೂ ಹೀಗಾಗಬಹುದು. ದಾವಣಗೆರೆಯಲ್ಲೇ ಹಿಮೋಫಿಲಿಯಾ ಸೊಸೈಟಿ ಇದೆ, ಅಲ್ಲಿ ವಿಚಾರಿಸಬಹುದು.