ಅಪ್‌ಡೇಟ್: ಮಗನ ಎದೆಗುಳಿ, ಆಪರೇಷನ್ ಸದ್ಯಕ್ಕಿಲ್ಲ

ಮಗನ ಎದೆ ನಡುವೆ ಒಳಗೆ ಕುಸಿದಿದೆ, ಆಪರೇಷನ್ ಬೇಕಾ ಅಂತ ಕೇಳಿದ್ದೆ ಅಲ್ವಾ? ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಮಕ್ಕಳ ಸರ್ಜನ್‌ಗೆ ತೋರಿಸಿದೆವು. ಅಂಗಿ ಬಿಚ್ಚಿಸಿ, ಪಕ್ಕದಿಂದ ಬಗ್ಗಿ ನೋಡಿ, ಗುಳಿಯ ಆಳ ಅಳೆದರು. ಸಿ.ಟಿ.ಯಲ್ಲಿ ಎದೆಯ ಒಳಗಿನ ಅಗಲವನ್ನು ಎದೆಮೂಳೆಗೂ ಬೆನ್ನುಮೂಳೆಗೂ ಇರುವ ಅಂತರದಿಂದ ಭಾಗಿಸುತ್ತಾರೆ. ಅದೇ ಹಾಲರ್ ಇಂಡೆಕ್ಸ್. ಸಾಮಾನ್ಯವಾಗಿ 2.5ರ ಆಸುಪಾಸು, 3.25 ದಾಟಿದರೆ ಆಪರೇಷನ್ ಮಾತು. ಇವನದು 2.9. ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್.

ಎಣ್ಣೆ ತಿಕ್ಕಿ ಅಂದವರಿಗೆ: ಅದಕ್ಕೆಲ್ಲ ಮೂಳೆ ಜಗ್ಗಲ್ಲವಂತೆ! ವ್ಯಾಯಾಮದಿಂದಲೂ ಗುಳಿ ತುಂಬಲ್ಲ, ಬೆನ್ನು ನೆಟ್ಟಗಾಗುತ್ತದೆ ಅಷ್ಟೇ. ಬೆಳೆಯುವ ವಯಸ್ಸಲ್ಲಿ ಜಾಸ್ತಿ ಆಗಬಹುದು, ಹಾಗಾಗಿ ಆಗಾಗ ತೋರಿಸಬೇಕು. ಬೇಕಾದರೆ ಮುಂದೆ ನಸ್ ಪದ್ಧತಿ: ಪಕ್ಕೆಯಿಂದ ಬಾಗಿದ ಲೋಹದ ಪಟ್ಟಿ ತೂರಿಸಿ ಎದೆಮೂಳೆ ಎತ್ತುತ್ತಾರೆ, 2-3 ವರ್ಷದ ಮೇಲೆ ತೆಗೆಯುತ್ತಾರೆ. ಕೇಳಿ ನಮಗೆ ಗಾಬರಿ, ಅವನಿಗೆ ಮಾತ್ರ ಕುತೂಹಲ.